ಎಸ್‌ಫ್ಲಿಟ್-1/ಪಿಎಲ್‌ಜಿಎಫ್ ರಕ್ತ ಪರೀಕ್ಷೆ: ಟೆಸ್ಟಿಗೆ ನಾಲ್ಕೂವರೆ ಸ್ಟಾರ್, ರಿಪೋರ್ಟಿಗೆ ಎರಡು

ಗರ್ಭಿಣಿಯರಲ್ಲಿ ಬಿಪಿ ಏರಿಸಿ ತೊಂದರೆ ಕೊಡುವ ಪ್ರಿಎಕ್ಲಾಂಪ್ಸಿಯಾ ಅನ್ನುವ ಕಾಯಿಲೆಯ ಅನುಮಾನ ಬಂದಾಗ, ಪ್ಲಾಸೆಂಟಾ (ಮಾಸು) ರಕ್ತಕ್ಕೆ ಬಿಡುವ ಎರಡು ಪ್ರೋಟೀನುಗಳನ್ನು ಅಳೆದು ನೋಡುವ ಪರೀಕ್ಷೆ ಇದು. ಮೊದಲೇ ಹೇಳಿಬಿಡುತ್ತೇನೆ. ಈ ಪರೀಕ್ಷೆ "ಸದ್ಯಕ್ಕೆ ಏನೂ ಇಲ್ಲ" ಅಂದರೆ ಒಂದು ವಾರದ ಮಟ್ಟಿಗೆ ಧೈರ್ಯವಾಗಿ ನಂಬಬಹುದು. ನಂಬರ್ ಜಾಸ್ತಿ ಬಂದರೆ ಅದನ್ನು ತೀರ್ಪು ಅಂದುಕೊಳ್ಳಬಾರದು, ಎಚ್ಚರಿಕೆ ಅಂದುಕೊಳ್ಳಬೇಕು. ಇಷ್ಟನ್ನು ರಿಪೋರ್ಟಿನ ಕೆಳಗೆ ಎರಡು ಸಾಲಲ್ಲಿ ಪ್ರಿಂಟ್ ಮಾಡಿದ್ದರೆ ನಾನು ಇಷ್ಟುದ್ದ ಬರೆಯಬೇಕಾಗಿರಲಿಲ್ಲ.

ನಾನು ಲ್ಯಾಬ್ ಟೆಕ್ನಿಷಿಯನ್. ಟ್ಯೂಬಿಗೆ ಬಾರ್‌ಕೋಡ್ ಅಂಟಿಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೆಷಿನ್‌ಗೆ ಇಡುವುದೇ ನನ್ನ ಕೆಲಸ. ಥೈರಾಯ್ಡ್, ಲಿವರ್, ಕಿಡ್ನಿ ಟೆಸ್ಟುಗಳೆಲ್ಲ ನನ್ನ ಕೈ ಮೇಲೇ ಹೋಗುತ್ತವೆ. ಆದರೆ ಈ ಟೆಸ್ಟ್ ನಮ್ಮಲ್ಲಿ ಮಾಡುವುದಿಲ್ಲ. ಹಾಗಾಗಿ ಮೆಷಿನ್ ಹೇಗೆ ಯೋಚಿಸುತ್ತದೆ ಅಂತ ಗೊತ್ತಿದ್ದರೂ ಈ ಸಲ ನಾನು ಕೈ ಚಾಚಿ ಕೂತ ಗರ್ಭಿಣಿ ಅಷ್ಟೆ. ಎರಡೂ ಕಡೆಯಿಂದ ನೋಡಿದ್ದೇನೆ ಅನ್ನುವುದಕ್ಕೆ ಇಷ್ಟು ಹೇಳಿದೆ.

ಮಾಡಿಸಿದ ಕಾರಣ ಇದು. 31ನೇ ವಾರ. ಅಲ್ಲಿವರೆಗೆ 110/70 ಇದ್ದ ಬಿಪಿ ಚೆಕಪ್‌ನಲ್ಲಿ 138/88 ತೋರಿಸಿತು. ಕಾಲು ಊದಿತ್ತು, ತಲೆನೋವು ಆಗಾಗ ಬರುತ್ತಿತ್ತು. ಯೂರಿನ್ ಡಿಪ್‌ಸ್ಟಿಕ್‌ನಲ್ಲಿ ಪ್ರೋಟೀನ್ "ಟ್ರೇಸ್", ಅಂದರೆ ಲೇಶ ಮಾತ್ರ. ಇದ್ಯಾವುದೂ ಒಂದು ಕಡೆಗೆ ವಾಲುವಂಥದ್ದಲ್ಲ. 20 ವಾರ ದಾಟಿದ ಮೇಲೆ ಬಿಪಿ 140/90 ಮುಟ್ಟಿ, ಜೊತೆಗೆ ಯೂರಿನ್‌ನಲ್ಲಿ ಪ್ರೋಟೀನ್ ಹೋಗುತ್ತಿದ್ದರೆ, ಅಥವಾ ಲಿವರ್, ಕಿಡ್ನಿ, ಪ್ಲೇಟ್‌ಲೆಟ್ ಥರದ್ದೇನಾದರೂ ಕೆಟ್ಟರೆ ಪ್ರಿಎಕ್ಲಾಂಪ್ಸಿಯಾ ಅನ್ನುತ್ತಾರೆ. ನನ್ನದು ಹೊಸ್ತಿಲ ಈಚೆ. ಡಾಕ್ಟರ್ ನೇರವಾಗಿ ಹೇಳಿದರು: "ನೋಡಮ್ಮಾ, ಹೌದು ಅನ್ನೋಕೆ ಬರಲ್ಲ, ಅಲ್ಲ ಅಂತ ಮನೆಗೆ ಕಳಿಸೋಕೂ ಮನಸ್ಸು ಬರ್ತಿಲ್ಲ. ಅಡ್ಮಿಟ್ ಮಾಡಿ ನೋಡೋಣವಾ, ಇಲ್ಲ ಈ ಟೆಸ್ಟ್ ಮಾಡಿಸ್ತೀಯಾ?"

ಟೆಸ್ಟ್ ಅಂದೆ. ಆಸ್ಪತ್ರೆ ಮಂಚದ ಮೇಲೆ ಸುಮ್ನೆ ಬಿದ್ದಿರುವುದು ನನಗೆ ಆಗಿಬರುವುದಿಲ್ಲ.

ರಕ್ತ ಕೊಡುವುದರಲ್ಲಿ ವಿಶೇಷವೇನೂ ಇಲ್ಲ. ಖಾಲಿ ಹೊಟ್ಟೆ ಬೇಡ, ಒಂದೇ ಟ್ಯೂಬ್. ಆದರೆ ರಕ್ತ ತೆಗೆಯಲು ಬಂದ ಹುಡುಗ ಕೇಳಬೇಕಾದ ಪ್ರಶ್ನೆ ಕೇಳಲಿಲ್ಲ. ಬಯೋಟಿನ್ ತಗೋತಿದ್ದೀರಾ ಅಂತ. ಕೂದಲು, ಉಗುರಿಗೆ ಅಂತ ಎಷ್ಟೋ ಜನ ಜಾಸ್ತಿ ಡೋಸಿನ ಬಯೋಟಿನ್ ಮಾತ್ರೆ ನುಂಗುತ್ತಾರೆ. ಇಂಥ ಟೆಸ್ಟುಗಳಲ್ಲಿ ಕೆಲವು ಮೆಷಿನ್‌ಗಳು ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಅನ್ನುವ ಪ್ರೋಟೀನ್ ಅಂಟಿಕೊಳ್ಳುವುದನ್ನೇ ಬಳಸಿ ಅಳೆಯುತ್ತವೆ. ರಕ್ತದಲ್ಲಿ ಬಯೋಟಿನ್ ಜಾಸ್ತಿ ಇದ್ದರೆ ಲೆಕ್ಕ ಏರುಪೇರಾಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಇಂಜೆಕ್ಷನ್ ತಗೊಳ್ಳುತ್ತಿದ್ದರೆ ಅದನ್ನೂ ಹೇಳಬೇಕು. ಹೆಪಾರಿನ್ ಈ ಪ್ರೋಟೀನುಗಳನ್ನು ಅವು ಅಂಟಿಕೊಂಡ ಜಾಗದಿಂದ ಬಿಡಿಸಿ ರಕ್ತಕ್ಕೆ ಬಿಡುತ್ತದೆ. ನಾನು ಎರಡೂ ತಗೊಳ್ಳುತ್ತಿರಲಿಲ್ಲ. ಕೇಳದೇ ಇದ್ದದ್ದು ಮಾತ್ರ ಸರಿ ಅನ್ನಿಸಲಿಲ್ಲ.

ಈಗ ಈ ಎರಡು ಉದ್ದ ಹೆಸರುಗಳ ವಿಷಯ. ಏನನ್ನು ಅಳೆಯುತ್ತಿದ್ದಾರೆ ಅಂತ ಗೊತ್ತಿಲ್ಲದೆ ಈ ರಿಪೋರ್ಟ್ ಓದಿದರೆ ಬರೀ ಭಯ ಸಿಗುತ್ತದೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ. ನನಗೆ ಇದೇ ಭಾಗ ತುಂಬ ಇಷ್ಟ ಕೂಡ.

ಹೆರಿಗೆ ಹೊತ್ತಿಗೆ ಪ್ಲಾಸೆಂಟಾ ಸುಮಾರು ಅರ್ಧ ಕೆಜಿ ತೂಗುತ್ತದೆ. ಅದರ ಒಳಗೆಲ್ಲ ಕವಲೊಡೆದ ಸಣ್ಣ ಸಣ್ಣ ಚಾಚುಗಳು. ಇವಕ್ಕೆ ವಿಲ್ಲೈ ಅನ್ನುತ್ತಾರೆ. ಪ್ರತಿ ಚಾಚಿನ ಒಳಗೆ ಮಗುವಿನ ರಕ್ತನಾಳ, ಹೊರಗೆ ತಾಯಿಯ ರಕ್ತ. ಎರಡು ರಕ್ತ ಬೆರೆಯುವುದಿಲ್ಲ. ನಡುವಿನ ಗೋಡೆ ತಿಂಗಳು ತುಂಬಿದ ಪ್ಲಾಸೆಂಟಾದಲ್ಲಿ ಕೆಲವು ಕಡೆ 3-4 ಮೈಕ್ರಾನ್‌ನಷ್ಟು ತೆಳ್ಳಗಿರುತ್ತದೆ. ಈ ಚಾಚುಗಳ ಮೇಲ್ಮೈಯನ್ನೆಲ್ಲ ಹರಡಿದರೆ 10 ಚದರ ಮೀಟರಿಗೂ ಜಾಸ್ತಿ. ಇಷ್ಟೆಲ್ಲ ಒಂಬತ್ತು ತಿಂಗಳೊಳಗೆ ಬೆಳೆದು, ಕೆಲಸ ಮುಗಿಸಿ, ಮಗುವಿನ ಹಿಂದೆಯೇ ಹೊರಗೆ ಬರುತ್ತದೆ. ದೇಹದಲ್ಲಿ ಬೇರೆ ಎಲ್ಲಿ ರಕ್ತನಾಳ ಇಷ್ಟು ಬೇಗ ಬೆಳೆದರೂ ನಾವು ಗಾಬರಿಯಾಗಬೇಕು.

ಗರ್ಭ ಕಟ್ಟಿ ಸುಮಾರು 21 ದಿನಕ್ಕೆ ಇಲ್ಲಿ ಮೊದಲ ನಾಳಗಳು ಮೂಡುತ್ತವೆ. ತಾಯಿಯ ಮೂಲಕ ಬಂದವಲ್ಲ, ವಿಲ್ಲೈ ಒಳಗಿನ ಜೀವಕೋಶಗಳಿಂದಲೇ ಹೊಸದಾಗಿ ಹುಟ್ಟಿದವು. ಆಮೇಲೆ ಅವೇ ಕವಲೊಡೆಯುತ್ತಾ ಹೋಗುತ್ತವೆ. ವಿಚಿತ್ರ ಏನೆಂದರೆ, ಆಗ ಅಲ್ಲಿ ತಾಯಿಯ ರಕ್ತ ಹೆಚ್ಚುಕಡಿಮೆ ಇರುವುದೇ ಇಲ್ಲ. ಗರ್ಭಕೋಶದ ರಕ್ತನಾಳಗಳ ಬಾಯಿಗೆ ಪ್ಲಾಸೆಂಟಾದ ಜೀವಕೋಶಗಳೇ ಬಂದು ಬಿರಡೆ ಹಾಕಿರುತ್ತವೆ. 8ನೇ ವಾರದಲ್ಲಿ ಅಲ್ಲಿನ ಆಕ್ಸಿಜನ್ ಒತ್ತಡ 20 ಎಂಎಂ ಮರ್ಕ್ಯುರಿಗಿಂತ ಕಡಿಮೆ. ಬಿರಡೆ ಕರಗಿ, 12ನೇ ವಾರದ ಹೊತ್ತಿಗೆ 50 ದಾಟುತ್ತದೆ. ಆ ಮೊದಲ ವಾರಗಳ ಆಕ್ಸಿಜನ್ ಕೊರತೆ ಕಾಯಿಲೆಯಲ್ಲ, ಅದು ಬೇಕಾದದ್ದೇ. ಆಕ್ಸಿಜನ್ ಕಡಿಮೆಯಾದರೆ ಜೀವಕೋಶದಲ್ಲಿ ಎಚ್‌ಐಎಫ್ ಅನ್ನುವ ಪ್ರೋಟೀನ್ ಉಳಿದುಕೊಳ್ಳುತ್ತದೆ. ಅದು ವಿಇಜಿಎಫ್ ಜೀನನ್ನು ಎಬ್ಬಿಸುತ್ತದೆ. ವಿಇಜಿಎಫ್ ಹೋಗಿ ರಕ್ತನಾಳದ ಒಳಪದರಕ್ಕೆ "ಬೆಳಿ, ಕವಲೊಡಿ" ಅನ್ನುತ್ತದೆ.

ಸುಮಾರು 24ನೇ ವಾರದವರೆಗೆ ಕವಲೊಡೆಯುವುದೇ ಮುಖ್ಯ ಕೆಲಸ. ಆಮೇಲೆ ಧಾಟಿ ಬದಲಾಗುತ್ತದೆ. ಹೊಸ ಕವಲು ಕಡಿಮೆ, ಇದ್ದ ನಾಳಗಳೇ ಉದ್ದುದ್ದ ಬೆಳೆದು ಸುರುಳಿಯಾಗಿ, ತುದಿಯಲ್ಲಿ ಉಬ್ಬಿ ಗೋಡೆಗೆ ಒತ್ತಿಕೊಳ್ಳುತ್ತವೆ. ಆ ತೆಳ್ಳಗಿನ ಗೋಡೆ ಆಗುವುದು ಹೀಗೆ. ಈ ಎರಡನೇ ಹಂತದಲ್ಲಿ ವಿಇಜಿಎಫ್ ಜೋರು ಇಳಿದು ಪಿಎಲ್‌ಜಿಎಫ್ ಏರುತ್ತದೆ. ಪಿಎಲ್‌ಜಿಎಫ್ ಕೂಡ ವಿಇಜಿಎಫ್ ಥರದ್ದೇ ನಾಳ ಬೆಳೆಸುವ ಪ್ರೋಟೀನ್, ಅದನ್ನು 1991ರಲ್ಲಿ ಇಟಲಿಯ ನೇಪಲ್ಸ್‌ನ ವಿಜ್ಞಾನಿಗಳು ಮನುಷ್ಯರ ಪ್ಲಾಸೆಂಟಾದಲ್ಲೇ ಹುಡುಕಿದ್ದು. ಇನ್ನೂ ಎರಡು ಪಾತ್ರಧಾರಿಗಳಿದ್ದಾರೆ, ಆಂಜಿಯೋಪೊಯೆಟಿನ್-1 ಮತ್ತು 2. ಒಂದು ನಾಳವನ್ನು ಗಟ್ಟಿ ಮಾಡುತ್ತದೆ, ಇನ್ನೊಂದು ಸಡಿಲ ಮಾಡಿ ಹೊಸ ಚಿಗುರಿಗೆ ಜಾಗ ಬಿಡುತ್ತದೆ. ಈ ಟೆಸ್ಟ್ ಅವನ್ನು ಮುಟ್ಟುವುದಿಲ್ಲ, ಹಾಗಾಗಿ ನಾನೂ ಬಿಡುತ್ತೇನೆ.

ಇಷ್ಟು ಬೆಳೆಸುವವರ ಕಥೆ. ತಡೆಯುವವನು ಎಸ್‌ಫ್ಲಿಟ್-1. ವಿಇಜಿಎಫ್, ಪಿಎಲ್‌ಜಿಎಫ್ ಎರಡೂ ಜೀವಕೋಶದ ಮೈಮೇಲಿನ ಫ್ಲಿಟ್-1 ಅನ್ನುವ ರಿಸೆಪ್ಟರಿಗೆ ಅಂಟುತ್ತವೆ. ಆ ರಿಸೆಪ್ಟರ್ ಮನೆ ಬಾಗಿಲಿನ ಕಾಲಿಂಗ್ ಬೆಲ್ ಅಂದುಕೊಳ್ಳಿ. ಒತ್ತಿದರೆ ತಂತಿ ಮೂಲಕ ಒಳಗೆ ಸದ್ದಾಗುತ್ತದೆ. ಅದೇ ಜೀನಿನಿಂದ ಜೀವಕೋಶ ಇನ್ನೊಂದು ಗಿಡ್ಡ ರೂಪವನ್ನೂ ತಯಾರಿಸುತ್ತದೆ. ಅದರಲ್ಲಿ ಒತ್ತುವ ಗುಂಡಿ ಇದೆ, ಗೋಡೆಗೆ ಸಿಕ್ಕಿಸುವ ಭಾಗವೂ ಇಲ್ಲ, ತಂತಿಯೂ ಇಲ್ಲ. ಅದು ರಕ್ತದಲ್ಲಿ ತೇಲುತ್ತಾ ಹೋಗುತ್ತದೆ. ಬಂದವರು ಅದನ್ನೇ ಒತ್ತಿಕೊಂಡು ನಿಂತರೆ ಒಳಗಿನವರಿಗೆ ಏನೂ ಕೇಳಿಸುವುದಿಲ್ಲ ಅಲ್ವಾ? ಅದೇ ಎಸ್‌ಫ್ಲಿಟ್-1. 1993ರಲ್ಲಿ ಇದು ಮೊದಲು ಸಿಕ್ಕಿದ್ದು ಹೊಕ್ಕುಳಬಳ್ಳಿಯ ರಕ್ತನಾಳದ ಜೀವಕೋಶಗಳಲ್ಲಿ.

ಎಲ್ಲ ಪ್ಲಾಸೆಂಟಾ ಕೂಡ ಇದನ್ನು ಸ್ವಲ್ಪ ಮಾಡುತ್ತದೆ. ತೊಂದರೆ ಶುರುವಾಗುವುದು ಅದು ಮಿತಿ ಮೀರಿದಾಗ. ಸಾಮಾನ್ಯವಾಗಿ ಪ್ಲಾಸೆಂಟಾದ ಜೀವಕೋಶಗಳು ಗರ್ಭಕೋಶದ ಸುರುಳಿ ನಾಳಗಳ ಒಳಗೆ ನುಗ್ಗಿ, ಅವುಗಳ ಸ್ನಾಯು ಪದರ ತೆಗೆದು, ಬಾಯಿ ಅಗಲ ಮಾಡುತ್ತವೆ. ಆಗ ತಾಯಿಯ ರಕ್ತ ನಿಧಾನವಾಗಿ, ಸೆಕೆಂಡಿಗೆ ಸುಮಾರು 10 ಸೆಂಟಿಮೀಟರ್ ವೇಗದಲ್ಲಿ ಬಂದು ಹರಡಿಕೊಳ್ಳುತ್ತದೆ. ಅಗಲ ಆಗದೇ ಉಳಿದರೆ ಅದೇ ರಕ್ತ ಸೆಕೆಂಡಿಗೆ 1-2 ಮೀಟರ್ ವೇಗದಲ್ಲಿ ಚಿಮ್ಮುತ್ತದೆ ಅಂತ ಲೆಕ್ಕ ಹಾಕಿದ್ದಾರೆ. ವಿಲ್ಲೈ ಹರಿದುಹೋಗುತ್ತವೆ, ಆಕ್ಸಿಜನ್ ಏರುತ್ತದೆ, ಇಳಿಯುತ್ತದೆ. ನಲುಗಿದ ಪ್ಲಾಸೆಂಟಾ ಎಸ್‌ಫ್ಲಿಟ್-1 ಅನ್ನು ತಾಯಿಯ ರಕ್ತಕ್ಕೆ ಧಾರಾಳವಾಗಿ ಸುರಿಯುತ್ತದೆ.

ಅದು ಪ್ಲಾಸೆಂಟಾದ ಜಗಳ, ತಾಯಿಯ ಬಿಪಿ ಯಾಕೆ ಏರಬೇಕು? ನನಗೂ ಮೊದಲು ಇದೇ ಪ್ರಶ್ನೆ. ಉತ್ತರ ಇಷ್ಟೆ. ವಿಇಜಿಎಫ್ ಬರೀ ಹೊಸ ನಾಳ ಬೆಳೆಸುವುದಕ್ಕಲ್ಲ, ಇದ್ದ ನಾಳ ಆರೋಗ್ಯವಾಗಿ ಸಡಿಲವಾಗಿ ಇರುವುದಕ್ಕೂ ಬೇಕು. ಕಿಡ್ನಿಯ ಸೋಸುವ ಜಾಲರಿ ಇದಿಲ್ಲದೆ ಸರಿಯಾಗಿ ನಿಲ್ಲುವುದಿಲ್ಲ. ತಾಯಿಯ ವಿಇಜಿಎಫ್ ಎಲ್ಲ ಎಸ್‌ಫ್ಲಿಟ್-1 ಕೈಗೆ ಸಿಕ್ಕಿಹಾಕಿಕೊಂಡರೆ ನಾಳಗಳು ಬಿಗಿಯುತ್ತವೆ, ಜಾಲರಿಯಿಂದ ಪ್ರೋಟೀನ್ ಸೋರುತ್ತದೆ. 2003ರಲ್ಲಿ ಅಮೆರಿಕದ ಕಿಡ್ನಿ ತಜ್ಞ ಅನಂತ್ ಕರುಮಂಚಿ ಅವರ ತಂಡ ಇದನ್ನು ಇಲಿಗಳಲ್ಲಿ ತೋರಿಸಿತು. ಎಸ್‌ಫ್ಲಿಟ್-1 ಜಾಸ್ತಿ ಮಾಡಿದಾಗ ಇಲಿಗಳಿಗೆ ಬಿಪಿ ಏರಿತು, ಯೂರಿನ್‌ನಲ್ಲಿ ಪ್ರೋಟೀನ್ ಬಂತು, ಕಿಡ್ನಿಯಲ್ಲಿ ಪ್ರಿಎಕ್ಲಾಂಪ್ಸಿಯಾದ್ದೇ ಗುರುತು ಕಂಡಿತು. ಬಸುರಿಯಲ್ಲದ ಇಲಿಗಳಲ್ಲೂ ಹಾಗೇ ಆಯಿತು. ಇನ್ನೊಂದು ಸಾಕ್ಷಿ ಕ್ಯಾನ್ಸರ್ ವಾರ್ಡಿನದ್ದು. ಗೆಡ್ಡೆಗೆ ರಕ್ತನಾಳ ಬೆಳೆಯದಂತೆ ವಿಇಜಿಎಫ್ ತಡೆಯುವ ಬೆವಾಸಿಝುಮ್ಯಾಬ್ ಅನ್ನುವ ಔಷಧಿ ಇದೆ. ಅದರ ಗೊತ್ತಿರುವ ಸೈಡ್ ಎಫೆಕ್ಟ್ ಏನು? ಬಿಪಿ, ಮತ್ತು ಯೂರಿನ್‌ನಲ್ಲಿ ಪ್ರೋಟೀನ್. ಗಂಡಸರಿಗೂ ಬರುತ್ತದೆ. ಇದನ್ನು ಓದಿದ ಮೇಲೆ ನನಗೆ ಈ ಟೆಸ್ಟಿನ ಮೇಲೆ ನಂಬಿಕೆ ಬಂತು. ಎಲ್ಲೋ ಜೊತೆಗೆ ಏರಿಳಿಯುವ ಯಾವುದೋ ಗುರುತನ್ನು ಇದು ಅಳೆಯುತ್ತಿಲ್ಲ. ಕಾಯಿಲೆಯ ಯಂತ್ರದ ಒಂದು ಭಾಗವನ್ನೇ ಅಳೆಯುತ್ತಿದೆ.

2004ರಲ್ಲಿ ಬಂದ ಇನ್ನೊಂದು ಅಧ್ಯಯನ ಇದನ್ನು ಟೆಸ್ಟ್ ಆಗಿ ಬಳಸುವ ದಾರಿ ತೆರೆಯಿತು. ಕಾಯಿಲೆ ಕಾಣಿಸಿಕೊಳ್ಳುವ ಸುಮಾರು ಐದು ವಾರ ಮೊದಲೇ ಎಸ್‌ಫ್ಲಿಟ್-1 ಏರಲು ಶುರುವಾಗಿರುತ್ತದೆ, ಪಿಎಲ್‌ಜಿಎಫ್ ಅದಕ್ಕೂ ಮುಂಚೆಯೇ ಕಡಿಮೆ ಇರುತ್ತದೆ. ಒಂದನ್ನೇ ನೋಡಿದರೆ ವಾರದಿಂದ ವಾರಕ್ಕೆ ಗೊಂದಲ. ಆರೋಗ್ಯವಾಗಿರುವ ಗರ್ಭಿಣಿಯಲ್ಲೂ ಪಿಎಲ್‌ಜಿಎಫ್ ಸುಮಾರು 30ನೇ ವಾರಕ್ಕೆ ಶಿಖರ ಮುಟ್ಟಿ ಇಳಿಯುತ್ತದೆ, ಎಸ್‌ಫ್ಲಿಟ್-1 ಕೊನೆಯ ವಾರಗಳಲ್ಲಿ ಏರುತ್ತದೆ. ಅದಕ್ಕೇ ಒಂದನ್ನು ಇನ್ನೊಂದರಿಂದ ಭಾಗಿಸಿ ರೇಷಿಯೋ ಕೊಡುತ್ತಾರೆ. ಎರಡೂ ಒಂದೇ ಅಳತೆಯಲ್ಲಿರುವುದರಿಂದ ರೇಷಿಯೋಗೆ ಯೂನಿಟ್ ಇಲ್ಲ, ಬರೀ ನಂಬರ್.

ನನ್ನ ನಂಬರ್ 14. ಎಸ್‌ಫ್ಲಿಟ್-1 2310, ಪಿಎಲ್‌ಜಿಎಫ್ 165. ಗೆರೆ ಇರುವುದು 38ಕ್ಕೆ. ಅಂದರೆ ಆರಾಮಾಗಿ ಕೆಳಗಿದ್ದೆ.

ಆದರೆ ಆ ರಾತ್ರಿ ನಾನು ಆರಾಮಾಗಿರಲಿಲ್ಲ. ಲ್ಯಾಬ್ ಕಳಿಸಿದ ರಿಪೋರ್ಟಿನಲ್ಲಿ ಪಿಎಲ್‌ಜಿಎಫ್ ಪಕ್ಕದಲ್ಲಿ ದಪ್ಪ ಕೆಂಪು ಅಕ್ಷರದಲ್ಲಿ "ಕಡಿಮೆ" ಅಂತ ಇತ್ತು. ಯಾವ ವಾರಕ್ಕೆ ಹೋಲಿಸಿ ಕಡಿಮೆ ಅಂತ ಎಲ್ಲೂ ಇಲ್ಲ. ನನ್ನ ಗರ್ಭದ ವಾರವೇ ರಿಪೋರ್ಟಿನಲ್ಲಿ ಇರಲಿಲ್ಲ. ಫಾರ್ಮಿನಲ್ಲಿ ತುಂಬಿಸಿದ್ದೆ, ಯಾರೋ ಎಂಟ್ರಿ ಮಾಡಿಲ್ಲ. ರೇಷಿಯೋ ಮಾತ್ರ ಕೊನೇ ಸಾಲಲ್ಲಿ, ಸಣ್ಣ ಅಕ್ಷರದಲ್ಲಿ, ಯಾವ ಬಣ್ಣವೂ ಇಲ್ಲದೆ. ಮುಖ್ಯವಾದದ್ದು ಅದೇ ತಾನೇ? ನನ್ನ ಗಂಡ ಮೊಬೈಲ್ ಹಿಡಿದುಕೊಂಡು ಕೇಳಿದ, "ಹಾಗಾದ್ರೆ ಪಾಸಾ, ಫೇಲಾ?" ನಾನು ಇದೇ ಉದ್ಯೋಗದಲ್ಲಿ ಇರುವವಳು, ನನಗೇ ಒಂದು ಕ್ಷಣ ಕೈ ನಡುಗಿತು. ಈ ಕೆಲಸ ಗೊತ್ತಿಲ್ಲದವರ ಗತಿ ಏನು?

ಲ್ಯಾಬಿಗೆ ಫೋನ್ ಮಾಡಿದೆ. "ಡಾಕ್ಟರನ್ನ ಕೇಳಿ ಮೇಡಂ" ಅಂದರು. ವಾರ ಸೇರಿಸಿ ಹೊಸ ರಿಪೋರ್ಟ್ ಕೊಡಿ ಅಂದೆ. ಕೊಟ್ಟರು, ವಾರ ಸೇರಿತ್ತು, ಕೆಂಪು "ಕಡಿಮೆ" ಹಾಗೇ ಇತ್ತು. ಲ್ಯಾಬಿನ ಹೆಸರು ಇಲ್ಲಿ ಬೇಡ. ರಿಪೋರ್ಟ್ ಸಾಫ್ಟ್‌ವೇರ್‌ನಲ್ಲಿ ಒಂದೇ ರೇಂಜ್ ಹಾಕಿಟ್ಟು ಮರೆಯುವುದು ನಮ್ಮ ಉದ್ಯೋಗದ ಹಳೇ ರೋಗ.

ಇನ್ನೊಂದು ತಕರಾರು ಸಮಯದ್ದು. ಈ ಟೆಸ್ಟ್ ಮಾಡುವ ದೊಡ್ಡ ಮೆಷಿನ್‌ಗಳಲ್ಲಿ ಒಂದಾದ ರೋಶ್ ಕಂಪನಿಯ ಎಲೆಕ್ಸಿಸ್‌ನಲ್ಲಿ ಒಂದು ಟೆಸ್ಟಿಗೆ 18 ನಿಮಿಷ ಸಾಕು. ನನಗೆ ರಿಪೋರ್ಟ್ ಬಂದದ್ದು ಮಾರನೇ ದಿನ ರಾತ್ರಿ. ಸ್ಯಾಂಪಲ್ ಒಂದಷ್ಟು ಸೇರಲಿ ಅಂತ ಕಾಯುತ್ತಾರೆ, ಒಳಗಿನವಳಾಗಿ ಅದು ಅರ್ಥವಾಗುತ್ತದೆ. ಕೊಲೆಸ್ಟ್ರಾಲ್‌ಗಾದರೆ ಯಾರಿಗೂ ಬೇಜಾರಿಲ್ಲ. ಆದರೆ "ಇವಳನ್ನು ಈಗ ಅಡ್ಮಿಟ್ ಮಾಡಬೇಕಾ" ಅನ್ನುವ ಪ್ರಶ್ನೆಗೆ ಉತ್ತರ ಮಾರನೇ ದಿನ ರಾತ್ರಿ ಬಂದರೆ ಟೆಸ್ಟಿನ ಅರ್ಧ ಬೆಲೆ ಅಲ್ಲೇ ಹೋಯಿತು.

ಡಾಕ್ಟರ್ ರಿಪೋರ್ಟನ್ನು ಒಂದು ನಿಮಿಷದಲ್ಲಿ ಓದಿ ಮುಗಿಸಿದರು. "14, ಚೆನ್ನಾಗಿದೆ. ಮನೆಗೆ ಹೋಗು. ದಿನಾ ಬಿಪಿ ನೋಡ್ಕೋ, ಬರೆದಿಡು. ತಲೆನೋವು ಜಾಸ್ತಿ ಆದ್ರೆ, ಕಣ್ಣು ಮಂಜಾದ್ರೆ, ಹೊಟ್ಟೆ ಮೇಲ್ಭಾಗ ನೋವು ಬಂದ್ರೆ ಈ ಕಾಗದ ಮರೆತುಬಿಟ್ಟು ಓಡಿ ಬಾ." ಕೊನೇ ಮಾತನ್ನು ರಿಪೋರ್ಟ್ ಕೈಗೆ ಬಂದ ಪ್ರತಿಯೊಬ್ಬರಿಗೂ ಹೇಳಬೇಕು ಅಂತ ನನ್ನ ಆಸೆ.

38 ಅನ್ನುವ ಗೆರೆ ಎಲ್ಲಿಂದ ಬಂತು ಅಂದರೆ, 2016ರ ಜನವರಿಯಲ್ಲಿ ಪ್ರಕಟವಾದ ಪ್ರೊಗ್ನೋಸಿಸ್ ಅನ್ನುವ ಅಧ್ಯಯನದಿಂದ. 14 ದೇಶಗಳು. 24ರಿಂದ 37 ವಾರದೊಳಗಿನ, ಒಂದೇ ಮಗು ಇರುವ, ಪ್ರಿಎಕ್ಲಾಂಪ್ಸಿಯಾ ಅನುಮಾನ ಇರುವ ಗರ್ಭಿಣಿಯರು. ಮೊದಲ 500 ಜನರಲ್ಲಿ ಗೆರೆ ಹುಡುಕಿದರು, ಆಮೇಲೆ ಬೇರೆ 550 ಜನರಲ್ಲಿ ಅದು ನಿಲ್ಲುತ್ತದಾ ಅಂತ ನೋಡಿದರು. 38 ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಮುಂದಿನ ಒಂದು ವಾರ ಕಾಯಿಲೆ ಬರದೇ ಇರುವ ಖಾತ್ರಿ 99.3 ಪರ್ಸೆಂಟ್. ಅದನ್ನೇ ನಾಲ್ಕು ವಾರಕ್ಕೆ ಎಳೆದರೆ 94.3. ಹಾಗಾಗಿ 14 ಬಂತು ಅಂತ ಹೆರಿಗೆವರೆಗೂ ನಿಶ್ಚಿಂತೆ ಅಂದುಕೊಳ್ಳುವಂತಿಲ್ಲ. ವಾರ ಕಳೆದಂತೆ ಈ ಖಾತ್ರಿ ತೆಳ್ಳಗಾಗುತ್ತದೆ.

ಇನ್ನೊಂದು ಕಡೆ ಅಷ್ಟು ಚೆನ್ನಾಗಿಲ್ಲ. 38 ದಾಟಿದವರಲ್ಲಿ ನಾಲ್ಕು ವಾರದೊಳಗೆ ನಿಜವಾಗಿ ಕಾಯಿಲೆ ಬಂದದ್ದು 36.7 ಪರ್ಸೆಂಟ್ ಜನಕ್ಕೆ. ನೂರರಲ್ಲಿ ಅರವತ್ತಕ್ಕೂ ಜಾಸ್ತಿ ಜನಕ್ಕೆ ಬರಲಿಲ್ಲ.

ಆ ಅರವತ್ತು ಚಿಲ್ಲರೆ ಜನರಲ್ಲಿ ನಾನೂ ಒಬ್ಬಳು. 33ನೇ ವಾರ ಮುಗಿಯುವಾಗ ಬಿಪಿ 146/94 ಆಯಿತು. ಮತ್ತೆ ಟೆಸ್ಟ್. ಈ ಸಲ 52. ಕೆಂಪು ಬಣ್ಣ ಈ ಸಲ ಸರಿಯಾದ ಸಾಲಿಗೇ ಬಂದಿತ್ತು ಅನ್ನಿ. 34 ವಾರದೊಳಗೆ 85, ಆಮೇಲೆ 110 ದಾಟಿದರೆ ಪ್ರಿಎಕ್ಲಾಂಪ್ಸಿಯಾ ಅನ್ನುವ ಕಡೆಗೆ ಬಲವಾಗಿ ವಾಲುತ್ತಾರೆ. 38ಕ್ಕೂ ಅದಕ್ಕೂ ನಡುವಿನದ್ದು ತ್ರಿಶಂಕು. ಡಾಕ್ಟರ್ ಬಿಪಿಗೆ ಲ್ಯಾಬೆಟಲಾಲ್ ಮಾತ್ರೆ ಶುರು ಮಾಡಿದರು. ಗ್ರೋತ್ ಸ್ಕ್ಯಾನ್, ರಕ್ತದ ಹರಿವು ನೋಡುವ ಡಾಪ್ಲರ್, ಲಿವರ್ ಟೆಸ್ಟ್, ಪ್ಲೇಟ್‌ಲೆಟ್ ಎಲ್ಲ ಆಯಿತು. ಮಗು ಸರಿಯಾಗಿ ಬೆಳೆಯುತ್ತಿತ್ತು. ಪ್ರೋಟೀನ್ ಕೊನೆವರೆಗೂ ಗೆರೆ ದಾಟಲಿಲ್ಲ. ಬರೀ ಬಿಪಿ ಅಂತಲೇ 37 ವಾರ ತುಂಬಿದ ಮೇಲೆ ನೋವು ಬರಿಸಿ ಹೆರಿಗೆ ಮಾಡಿಸಿದರು. ಮಗಳು ಈಗ ಈ ಸಾಲು ಬರೆಯಲು ಬಿಡುತ್ತಿಲ್ಲ.

ಹಾಗಾದರೆ 52 ಸುಳ್ಳು ಹೇಳಿತಾ? ಹಾಗೆ ಅನ್ನಿಸುವುದಿಲ್ಲ. ಅದರಿಂದಾಗಿ ನನ್ನನ್ನು ವಾರಕ್ಕೆ ಎರಡು ಸಲ ಕರೆದರು, ಸ್ಕ್ಯಾನ್ ಬಿಡಲಿಲ್ಲ. ಆ ಕಾಳಜಿ ಬೇಡ ಅನ್ನುವವಳು ನಾನಲ್ಲ. ಆದರೆ ಅದೇ ನಂಬರ್ ನೋಡಿ ಯಾರಾದರೂ "ಈಗಲೇ ಹೆರಿಗೆ ಮಾಡಿಸೋಣ" ಅಂದಿದ್ದರೆ ಮಗು ಸುಮ್ನೆ ಎನ್‌ಐಸಿಯು ಸೇರುತ್ತಿತ್ತು. ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್‌ನ ನೈಸ್ ಸಂಸ್ಥೆ 2022ರಲ್ಲಿ ಈ ಟೆಸ್ಟುಗಳನ್ನು ಬಳಸಿ ಅಂತ ಹೇಳುವಾಗಲೇ, ಅವಧಿಗೆ ಮುಂಚೆ ಹೆರಿಗೆ ಮಾಡಿಸುವ ನಿರ್ಧಾರಕ್ಕೆ ಇದನ್ನು ಬಳಸಬೇಡಿ ಅಂತಲೂ ಹೇಳಿದೆ. ಸರಿಯಾದ ಮಾತು.

ಟೆಸ್ಟಿನಿಂದ ನಿಜವಾಗಿ ಲಾಭ ಇದೆಯಾ ಅಂತ ನೋಡಿದ ಅಧ್ಯಯನಗಳು ಒಂದೇ ರಾಗ ಹಾಡುವುದಿಲ್ಲ. ಬ್ರಿಟನ್‌ನ 11 ಹೆರಿಗೆ ಘಟಕಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ಯಾರಟ್ ಟ್ರಯಲ್‌ನಲ್ಲಿ ಪಿಎಲ್‌ಜಿಎಫ್ ಫಲಿತಾಂಶ ಡಾಕ್ಟರ ಕೈಗೆ ಸಿಕ್ಕಾಗ ಕಾಯಿಲೆ ಗುರುತಿಸುವ ಸಮಯ 4.1 ದಿನದಿಂದ 1.9 ದಿನಕ್ಕೆ ಇಳಿಯಿತು, ತಾಯಂದಿರಿಗೆ ಆಗುವ ಗಂಭೀರ ತೊಂದರೆಯೂ ಕಡಿಮೆಯಾಯಿತು. ಮಕ್ಕಳ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಐರ್ಲೆಂಡ್‌ನಲ್ಲಿ ಇದೇ ಥರ ಮಾಡಿ 2021ರಲ್ಲಿ ಪ್ರಕಟಿಸಿದ ಟ್ರಯಲ್‌ನಲ್ಲಿ ಸ್ಪಷ್ಟ ಲಾಭ ಸಿಗಲಿಲ್ಲ. 2024ರಲ್ಲಿ ಇನ್ನೊಂದು ಬಂತು, ಎಲ್ಲರಿಗೂ ಮತ್ತೆ ಮತ್ತೆ ಟೆಸ್ಟ್ ಮಾಡುವುದರಿಂದ ಮಕ್ಕಳಿಗೆ ಹೆಚ್ಚಿನ ಪ್ರಯೋಜನ ಆಗುವುದಿಲ್ಲ ಅಂತ. ನನ್ನ ಎರಡನೇ ಟೆಸ್ಟ್ ಬೇಕಿತ್ತಾ ಅಂತ ಇದನ್ನು ಓದಿ ಯೋಚಿಸಿದೆ. ಬಿಪಿ ನಿಜವಾಗಲೂ ಏರಿತ್ತು, ಹೊಸ ಪ್ರಶ್ನೆ ಎದ್ದಿತ್ತು, ಹಾಗಾಗಿ ಬೇಕಿತ್ತು ಅಂತಲೇ ನನ್ನ ಅಭಿಪ್ರಾಯ. ಪ್ರಶ್ನೆ ಇಲ್ಲದೆ ಪ್ರತಿ ವಾರ ಮಾಡಿಸುವುದು ಬೇರೆ ವಿಷಯ.

ಕಂಪನಿ ಬದಲಾದರೆ ಗೆರೆಯೂ ಬದಲಾಗುತ್ತದೆ, ಇದು ತುಂಬ ಜನಕ್ಕೆ ಗೊತ್ತಿಲ್ಲ. 38 ಎಲೆಕ್ಸಿಸ್ ಟೆಸ್ಟಿನದ್ದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರ ಮೇ ತಿಂಗಳಲ್ಲಿ ಒಪ್ಪಿದ್ದು ಥರ್ಮೋ ಫಿಶರ್ ಕಂಪನಿಯ ಬ್ರಾಮ್ಸ್ ಕ್ರಿಪ್ಟರ್ ಟೆಸ್ಟನ್ನು. ಅಲ್ಲಿ ಗೆರೆ 40. ಅದು ಬಿಪಿಗೆ ಅಂತ ಆಗಲೇ ಆಸ್ಪತ್ರೆ ಸೇರಿದವರಿಗೆ, ಮುಂದಿನ ಎರಡು ವಾರದಲ್ಲಿ ಕಾಯಿಲೆ ತೀವ್ರ ಆಗುತ್ತದಾ ಅಂತ ತಿಳಿಯಲು. ಟ್ರಯಾಜ್ ಅನ್ನುವ ಇನ್ನೊಂದು ಟೆಸ್ಟ್ ಪಿಎಲ್‌ಜಿಎಫ್ ಒಂದನ್ನೇ ಅಳೆಯುತ್ತದೆ, ರೇಷಿಯೋ ಇಲ್ಲ. ಅಲ್ಲಿ 100ಕ್ಕಿಂತ ಜಾಸ್ತಿ ಇದ್ದರೆ ಒಳ್ಳೆಯದು, 12ಕ್ಕಿಂತ ಕಡಿಮೆ ಇದ್ದರೆ ತುಂಬ ಎಚ್ಚರಿಕೆ. ಜಾಸ್ತಿ ಬಂದರೆ ಖುಷಿ ಪಡಬೇಕಾದ ನಂಬರ್ ಒಂದು, ಗಾಬರಿ ಪಡಬೇಕಾದ ನಂಬರ್ ಇನ್ನೊಂದು. ಗರ್ಭಿಣಿಯರ ಗುಂಪುಗಳಲ್ಲಿ "ನನ್ನದು 90, ನಿಮ್ಮದು?" ಅಂತ ಹೋಲಿಸುವವರು ದಯವಿಟ್ಟು ನಿಲ್ಲಿಸಿ.

ಇನ್ನೊಂದು ಗೊಂದಲ: 11ರಿಂದ 14 ವಾರದಲ್ಲಿ ಮಾಡುವ ಸ್ಕ್ರೀನಿಂಗ್‌ನಲ್ಲೂ ಪಿಎಲ್‌ಜಿಎಫ್ ನೋಡುತ್ತಾರೆ. ಅದು ಬೇರೆ ಉದ್ದೇಶ. ಬಿಪಿ, ಗರ್ಭಕೋಶದ ನಾಳದ ಡಾಪ್ಲರ್, ಹಿಂದಿನ ಇತಿಹಾಸ ಎಲ್ಲ ಸೇರಿಸಿ ಯಾರಿಗೆ ಅಪಾಯ ಜಾಸ್ತಿ ಅಂತ ಲೆಕ್ಕ ಹಾಕಿ, ಅವರಿಗೆ ಆಸ್ಪಿರಿನ್ ಶುರು ಮಾಡುವುದಕ್ಕೆ. 2017ರ ಆಸ್ಪ್ರೆ ಟ್ರಯಲ್‌ನಲ್ಲಿ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ತಗೊಂಡವರಲ್ಲಿ 37 ವಾರಕ್ಕೆ ಮುಂಚಿನ ಪ್ರಿಎಕ್ಲಾಂಪ್ಸಿಯಾ 4.3ರಿಂದ 1.6 ಪರ್ಸೆಂಟಿಗೆ ಇಳಿಯಿತು. ಅಲ್ಲಿ ತಡೆಯುವ ದಾರಿ ಇದೆ. ನನ್ನ ಟೆಸ್ಟ್ ತಡೆಯುವುದಿಲ್ಲ, ಮುಂಚೆ ಹೇಳುತ್ತದೆ ಅಷ್ಟೆ. ಎಸ್‌ಫ್ಲಿಟ್-1 ಜಾಸ್ತಿ ಆದರೆ ಅದನ್ನು ಸೋಸಿ ತೆಗೆಯುವ ಪ್ರಯೋಗ ಕೆಲವೇ ಜನರಲ್ಲಿ ನಡೆದಿದೆ, ಅದಿನ್ನೂ ದಿನನಿತ್ಯದ ಚಿಕಿತ್ಸೆಯಾಗಿಲ್ಲ. ಪ್ಲಾಸೆಂಟಾ ಹೊರಗೆ ಬಂದ ಮೇಲೆ ಎಸ್‌ಫ್ಲಿಟ್-1 ಬೇಗ ಇಳಿಯುತ್ತದೆ. ಆದರೂ ಹೆರಿಗೆಯಾದ ಮೊದಲ ಕೆಲವು ದಿನ ಬಿಪಿ ಏರಬಹುದು, ನೋಡುತ್ತಲೇ ಇರಬೇಕು.

ಯಾರು ಮಾಡಿಸಬೇಕು? ನನ್ನ ಹಾಗೆ ಅರ್ಧಂಬರ್ಧ ಲಕ್ಷಣ ಇದ್ದು, 37 ವಾರ ಆಗಿರದೆ, ಡಾಕ್ಟರಿಗೇ ಗೊಂದಲ ಇದ್ದಾಗ ಖಂಡಿತ. ಬಿಪಿ 160/110 ಆಗಿ ಪ್ರೋಟೀನ್ ಸುರಿಯುತ್ತಿದ್ದರೆ ಈ ಟೆಸ್ಟಿಗೆ ಕಾಯುವ ಕೆಲಸವೇ ಇಲ್ಲ, ಉತ್ತರ ಕಣ್ಣೆದುರೇ ಇದೆ. ಯಾವ ಲಕ್ಷಣವೂ ಇಲ್ಲದೆ ಸುಮ್ನೆ ಸಮಾಧಾನಕ್ಕೆ ಅಂತ ಮಾಡಿಸುವುದಾದರೆ ಬೇಡ ಅನ್ನುತ್ತೇನೆ. 38 ಅನ್ನುವ ಗೆರೆ ಹುಟ್ಟಿದ್ದೇ ಅನುಮಾನ ಇದ್ದವರ ರಕ್ತದಿಂದ. ಅವಳಿ ಮಕ್ಕಳಿದ್ದರೆ ಎಸ್‌ಫ್ಲಿಟ್-1 ಸಹಜವಾಗಿಯೇ ಜಾಸ್ತಿ ಇರುತ್ತದೆ, ಒಂದೇ ಮಗುವಿನ ಗೆರೆಯನ್ನು ಹಾಗೇ ಹಾಕಿ ಅಳೆಯುವಂತಿಲ್ಲ. ನಾನು ಟೆಸ್ಟಿಗೆ ಅರ್ಧ ಸ್ಟಾರ್ ಕಡಿಮೆ ಮಾಡಿದ್ದು ಇದಕ್ಕೆ, ಮತ್ತೆ ಆ ನಡುವಿನ ತ್ರಿಶಂಕುವಿಗೆ.

ರಿಪೋರ್ಟಿನ ಎರಡು ಸ್ಟಾರನ್ನು ನಾಲ್ಕು ಮಾಡುವುದು ಕಷ್ಟವಲ್ಲ. ರಕ್ತ ಕೊಟ್ಟ ದಿನದ ಗರ್ಭದ ವಾರ ಹಾಕಿ. ಯಾವ ಕಂಪನಿಯ ಟೆಸ್ಟ್ ಅಂತ ಹಾಕಿ. ರೇಷಿಯೋ ಮೇಲಿನ ಸಾಲಿಗೆ ಬರಲಿ, ದಪ್ಪ ಅಕ್ಷರದಲ್ಲಿ. ಕೆಳಗೆ "ಕಡಿಮೆ ಬಂದರೆ ಒಂದು ವಾರಕ್ಕೆ ಮಾತ್ರ ಖಾತ್ರಿ, ಲಕ್ಷಣ ಬದಲಾದರೆ ತಕ್ಷಣ ಆಸ್ಪತ್ರೆಗೆ" ಅಂತ ಒಂದು ಸಾಲು. ಆ ಕೆಂಪು "ಕಡಿಮೆ" ತೆಗೆಯಿರಿ, ಇಲ್ಲ ವಾರಕ್ಕೆ ತಕ್ಕ ರೇಂಜ್ ಹಾಕಿ. ಲ್ಯಾಬಿನ ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಇದೆಲ್ಲ ಬರೆದು ಕಳಿಸಿದ್ದೇನೆ. ಮಾಡಿದರೆ ನಾನೇ ಬಂದು ಸ್ಟಾರ್ ತಿದ್ದುತ್ತೇನೆ.